ಒಂದೇ ಕ್ಲಿಪ್ಪಿಗೆ ನೇತ ಅಂಗಿ

"ಯಾವ ಪಾಪಿ ಅದನ್ನ ಮುಟ್ಟಿದ್ದು?"

ಖಾಲಿ ಗಾಜಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಠಾಣೆಗೆ ಬಂದ ಎಲ್ಮರ್ ವ್ರಾಬೆಲ್ ಎದುರಿನ ಗೋಡೆಯನ್ನು ಕೇಳಿದ. ಮಂಗಳವಾರ ಬೆಳಗ್ಗೆ ಎಂಟೂಕಾಲು. ದೂರು ದಾಖಲಾಯಿತು: ಬಬಲ್‌ಗಮ್ ಪೊಟ್ಟಣದಲ್ಲಿ ಬಂದ, 1952ರ ಬೇಸ್‌ಬಾಲ್ ಕಾರ್ಡು ಒಂದು, ಮೇಲೆ ಆಟಗಾರನ ಚಿತ್ರ, ನಾಲ್ಕೂ ಮೂಲೆ ಚೂಪು. ಅಂಥದು ಇಡೀ ಓಹಾಯೋ ರಾಜ್ಯದಲ್ಲೇ ಇನ್ನೊಂದಿಲ್ಲವೆಂದು ದೂರುದಾರನ ಹೇಳಿಕೆ. ಶನಿವಾರದ ಕಾರ್ಡು ಮೇಳದಲ್ಲಿ ಅದಕ್ಕೇ ಮೊದಲ ಮೇಜು.

"ಕೊನೇ ಸಲ ಯಾವಾಗ ಮುಟ್ಟಿದ್ರಿ?" ಸಾರ್ಜೆಂಟ್ ಡಾರ್ಲಿನ್ ಹಚಿನ್ಸ್ ಕೇಳಿದಳು.

"ಮುಟ್ಟೋದಾ! ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡ್ಸಿದೀನಿ ಮೇಡಂ. ನಾನೇ ಮುಟ್ಟಲ್ಲ."

"ಮನೇಲಿ ಬೇರೆ ಯಾರಿದಾರೆ?"

"ನಮ್ಮಕ್ಕ ಐರ್ಮಾ. ಪಾಪ, ಅವಳಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ?"

ಮನೆಯಲ್ಲಿ ಮಹಜರು ನಡೆಯಿತು. ಬೀಗ ಮುರಿದಿರಲಿಲ್ಲ. ಅಡುಗೆಮನೆಯ ಕಸದಬುಟ್ಟಿಯಲ್ಲಿ, ಮೊಟ್ಟೆ ಸಿಪ್ಪೆಯ ಕೆಳಗೆ, ಸೀಲಿನ ಪ್ಲಾಸ್ಟಿಕ್ ಚೂರುಗಳು. ಪಕ್ಕದಲ್ಲೇ ಅಕ್ರೋಟು ಒಡೆಯುವ ಇಕ್ಕಳ. ಪೇದೆ ಕೋಲ್ಬಿ ಸುತ್ತಲಿನ ಕಾರ್ಡು ಅಂಗಡಿಗಳಿಗೆಲ್ಲ ಫೋನು ಮಾಡಿದ. ಮಾರಲು ಯಾರೂ ಬಂದಿರಲಿಲ್ಲ. ಆದರೆ ಪ್ರತಿ ಅಂಗಡಿಯವನೂ ಸಾವಿನ ಸುದ್ದಿ ಕೇಳಿದಂತೆ ಒಂದೇ ಮಾತು ಅಂದ: "ಸೀಲ್ ಒಡೆದ್ರಾ?"

"ಸೀಲ್ ಹೋದ್ರೆ ಬೆಲೆನೂ ಹೋಯ್ತು. ಮಾರೋನು ಒಡೆಯಲ್ಲ ಮೇಡಂ," ಎಂದ ಕೋಲ್ಬಿ.

"ಮತ್ತೆ ಇನ್ನೇನು ಮಾಡ್ತಾರೆ ಕಾರ್ಡಲ್ಲಿ?"

ಹಚಿನ್ಸ್ ಹಿತ್ತಲಿಗೆ ಹೋದಳು. ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಎಲ್ಲದಕ್ಕೂ ಎರಡೆರಡು ಮರದ ಕ್ಲಿಪ್ಪು. ಎಲ್ಮರನ ಅಂಗಿ ಮಾತ್ರ ಒಂದೇ ಕ್ಲಿಪ್ಪಿಗೆ ನೇತುಕೊಂಡು, ಹೆಗಲು ಮುರಿದವನಂತೆ ಜೋಲುತ್ತಿತ್ತು.

"ಇನ್ನೊಂದು ಕ್ಲಿಪ್ಪೆಲ್ಲಿ?"

ಉತ್ತರ ಬೀದಿಯಿಂದ ಬಂತು. ಟರ್‌ರ್‌ರ್‌ರ್!

ಎಂಬತ್ತೆರಡರ ಐರ್ಮಾ ಮೂರು ಚಕ್ರದ ಸೈಕಲ್ಲಿನಲ್ಲಿ, ಬೆನ್ನು ನೆಟ್ಟಗೆ ಮಾಡಿಕೊಂಡು, ಚರ್ಚಿನಿಂದ ಬರುತ್ತಿದ್ದಳು. ಮುಂದಿನ ಚಕ್ರದ ಪಕ್ಕದ ಕಂಬಿಗೆ ಮರದ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಕಾರ್ಡು, ಚಕ್ರದ ಒಂದೊಂದು ಕಡ್ಡಿಯೂ ಅದಕ್ಕೆ ಬಾರಿಸುತ್ತಿತ್ತು. ಮುಂಬಾಗಿಲಿಗೆ ಓಡಿಬಂದ ಎಲ್ಮರ್ ಮೆಟ್ಟಿಲ ಮೇಲೆ ಕುಸಿದು ಕೂತ.

"ಕದ್ದಿದ್ದು ನೀವೇನಾ ಅಜ್ಜಿ?" ಹಚಿನ್ಸ್ ಕೇಳಿದಳು.

"ಕದ್ದಿದ್ದು ಇವನು. ಕಾಸು ಕೂಡಿಸಿ ಗಮ್ ಕೊಂಡೋಳು ನಾನು, ಅಗಿದೋಳು ನಾನು. ಕಾರ್ಡು ಹುಡುಗರಿಗೆ ಅಂತ ಅಮ್ಮ ಇವನ ಕೈಗೆ ಕೊಟ್ಲು. ಬೀದಿ ಹುಡುಗರೆಲ್ಲ ಹಿಂಗೇ ಸಿಗಿಸ್ಕೊಂಡು ಓಡಿಸ್ತಿದ್ರು. ಒಂದು ಸುತ್ತು ಕೊಡೋ ಅಂದೆ. ಕೊಟ್ನಾ ಕೇಳಿ."

"ಈಗ್ಯಾಕೆ ಅಜ್ಜಿ, ಈ ವಯಸ್ಸಲ್ಲಿ?"

"ಹೋದ ವಾರ ಕಿವಿಗೆ ಹೊಸ ಮಿಷನ್ ಬಂತು. ಮೊದಲು ಏನು ಕೇಳಿಸ್ಕೊಳ್ಳಲಿ ಅಂತ ಯೋಚನೆ ಮಾಡ್ದೆ."

"ಬೇರೆ ಕಾರ್ಡು ರಾಶಿ ಇದ್ವಲ್ಲೇ!" ಎಲ್ಮರ್ ಗೋಳಿಟ್ಟ.

"ಇದ್ವು. ನಂದು ಇದೊಂದೇ."

ಬಂಧನ ಕ್ರಮದಂತೆ ನಡೆಯಿತು. ಜೀಪು ಹತ್ತಲು ಆರೋಪಿ ಒಪ್ಪಲಿಲ್ಲ, ಸೈಕಲ್ಲಿನಲ್ಲೇ ಹೊರಟಳು. ಹಿಂದೆ ಕೆಂಪು ದೀಪ ಹಾಕಿಕೊಂಡು ಪೊಲೀಸ್ ಜೀಪು ಆಮೆಯಂತೆ ತೆವಳಿತು. ಪಕ್ಕದಲ್ಲಿ ಎಲ್ಮರ್, ಸವೆಯುತ್ತಿದ್ದ ಮೂಲೆಗಳನ್ನೇ ನೋಡಿ ಅಳುತ್ತ ನಡೆದ. ಚರ್ಚಿನ ತಿರುವಿನಲ್ಲಿ, ಚಕ್ರದ ಆ ಸದ್ದು ಕೇಳುತ್ತ ಕೇಳುತ್ತ, ಅಳು ನಿಂತಿತು. ಪದ ಮರೆತವರಿಗೂ ತಾಳ ನೆನಪಿರುತ್ತದೆ.

"ಅಕ್ಕಾ," ಎಂದ ಮೆಲ್ಲಗೆ, "ನಂಗೂ ಒಂದು ಸುತ್ತು ಕೊಡೇ."

"ಕೊಡಲ್ಲ," ಎಂದಳು ಐರ್ಮಾ.