ಅರವತ್ತು ಪೊಟ್ಟಣ

ಗಣಿ ಬರುತ್ತದೋ ಬಿಡುತ್ತದೋ, ಅದರ ಮಾತು ಒಮ್ಮೆ ನಿಂತರೆ ಸಾಕು ಎನ್ನುವಷ್ಟು ವ್ಯಾನಿನ ಡ್ರೈವರ್ ಬೇಸತ್ತಿದ್ದ. ಎರಡು ವರ್ಷದಿಂದ ಊರಿನಲ್ಲಿ ಬೇರೆ ಸುದ್ದಿಯಿಲ್ಲ. ಶಾಲೆಯ ಸಭಾಂಗಣದಲ್ಲಿ ವಾರಕ್ಕೆರಡು ಸಭೆ, ಸಭೆಗೆ ಜನರನ್ನು ತುಂಬಿಕೊಂಡು ಹೋಗುವುದು ಅವನದೇ ವ್ಯಾನು. ಹೋಗುವಾಗ ಹೆಗಲಿಗೆ ಹೆಗಲು ತಾಗಿಸಿ ಕೂತವರು ಬರುವಾಗ ಕಿಟಕಿಯ ಕಡೆ ಮುಖ ತಿರುಗಿಸಿರುತ್ತಿದ್ದರು.

ಮನೆಗೆ ಬಂದರೆ ಅಲ್ಲಿ ಮೂರನೇ ಸಭೆ. ಹೆಂಡತಿ ಇಪ್ಪತ್ತು ವರ್ಷದಿಂದ ಹಳ್ಳದ ದಂಡೆಯಲ್ಲಿ ಸಸಿ ಬೆಳೆಸಿ ಮಾರುವವಳು. ಗುಡ್ಡ ಬಗೆದರೆ ಹಳ್ಳ ಹೋಯಿತು ಎಂಬುದು ಅವಳ ವಾದ. ಅವಳ ತಮ್ಮ ಕೆಲಸ ಸಿಗದೆ ನಾಲ್ಕು ವರ್ಷದಿಂದ ಅಕ್ಕನ ಮನೆಯಲ್ಲೇ ಇದ್ದ. ಗಣಿ ಬಂದರೆ ಮುನ್ನೂರು ಮಂದಿಗೆ ಕೆಲಸ ಎಂಬುದು ಅವನ ವಾದ.

"ನಿನ್ನ ಸಸಿಗೆ ನೀರು ಬೇಕು ಅಂತ ಊರವರೆಲ್ಲ ಮಣ್ಣು ತಿನ್ಬೇಕೇನಕ್ಕಾ?"

"ಗಣಿ ಬಂದ್ರೆ ತಿನ್ನೋದೇ ಮಣ್ಣು. ಉಸಿರಾಡೋಕೂ ಅದೇ ಕೊಡ್ತಾರೆ."

"ಭಾವ, ನೀವಾದ್ರೂ ಹೇಳಿ."

"ರೀ, ನಿಮಗೇನು ಬಾಯಿ ಬಿದ್ದೋಗಿದ್ಯಾ?"

ಬಾಯಿ ಬಿದ್ದಿರಲಿಲ್ಲ. ಇಬ್ಬರು ಹೇಳುವುದೂ ನ್ಯಾಯವೇ ಆಗಿತ್ತು, ಕಷ್ಟವಿದ್ದದ್ದೇ ಅಲ್ಲಿ. ಆದರೆ ಒಂದು ಬೆಳಗ್ಗೆ ಹೆಂಡತಿ ಖಾಲಿ ಟ್ರೇಗಳ ಮುಂದೆ ಸುಮ್ಮನೆ ಕೂತಿದ್ದಳು. "ಈ ಸಲ ಬೀಜ ಹಾಕ್ಲೋ ಬೇಡ್ವೋ ಗೊತ್ತಾಗ್ತಿಲ್ಲ ರೀ" ಎಂದಳು. ಜಗಳವಾಡುವ ದನಿಯಲ್ಲ ಅದು, ಸೋತವಳ ದನಿ. ಹಳ್ಳ ಉಳಿಯಬೇಕು ಎಂದು ಅವನು ಆವತ್ತೇ ತೀರ್ಮಾನಿಸಿದ.

ದಾರಿ ಅವನ ಕೈಯಲ್ಲೇ ಇತ್ತು. ಗುಡ್ಡ ಕೊರೆದು ತೆಗೆದ ಕಲ್ಲನ್ನು ಕಂಪನಿಯ ಶೆಡ್ಡಿನಲ್ಲಿ ಹಿಟ್ಟಿನಂತೆ ಅರೆದು, ಅಂಗೈಯಗಲದ ಕಾಗದದ ಪೊಟ್ಟಣಗಳಿಗೆ ತುಂಬಿ, ಟೇಪು ಹಚ್ಚಿ ನಂಬರು ಬರೆಯುವವಳು ಭೂವಿಜ್ಞಾನಿ. ಊರಿನವರು ಅವಳಿಗೆ ಕಲ್ಲು ಮೇಡಂ ಎಂದು ಹೆಸರಿಟ್ಟಿದ್ದರು. ಅವನ್ನು ಮೂರು ಗಂಟೆ ದೂರದ ಪಟ್ಟಣದ ಲ್ಯಾಬಿಗೆ ಮುಟ್ಟಿಸುವವನು ಅವನು. ಇದು ಕೊನೆಯ ಕಂತು, ಅರವತ್ತು ಪೊಟ್ಟಣ. ಲೋಹ ಕಂಡರೆ ಗಣಿ, ಕಾಣದಿದ್ದರೆ ಕಂಪನಿ ಜಾಗ ಖಾಲಿ ಮಾಡುತ್ತದೆ. ಇಷ್ಟನ್ನೂ ಮೇಡಂ ವ್ಯಾನಿನಲ್ಲಿ ಫೋನಿನಲ್ಲಿ ಮಾತಾಡುವಾಗ ಅವನು ಕೇಳಿಸಿಕೊಂಡಿದ್ದ. ಡ್ರೈವರಿಗೂ ಕಿವಿ ಇರುತ್ತದೆ ಎಂಬುದು ಹಿಂದೆ ಕೂತವರಿಗೆ ಹೊಳೆಯುವುದೇ ಇಲ್ಲ.

ಪಟ್ಟಣದಾಚೆಯ ಜಲ್ಲಿ ಕ್ರಷರಿನಿಂದ ಬೂದು ಪುಡಿ ತಂದ. ಅದರಲ್ಲಿ ಕಲ್ಲಲ್ಲದೆ ಏನೂ ಇಲ್ಲವೆಂದು ಹಿಂದೊಮ್ಮೆ ಮೇಡಂ ಬಾಯಿಂದಲೇ ಕೇಳಿದ್ದ. ತೆಳು ಬಟ್ಟೆಯಲ್ಲಿ ನಾಲ್ಕು ಸಲ ಸೋಸಿದ. ಶೆಡ್ಡಿನಲ್ಲಿ ಬಳಸುವಂಥದ್ದೇ ಟೇಪಿಗಾಗಿ ಮೂರು ಅಂಗಡಿ ಅಲೆದ. ಬೀಜ ತೂಗುವ ಪುಟ್ಟ ತಕ್ಕಡಿಯನ್ನು ಸೀಟಿನ ಕೆಳಗಿಟ್ಟುಕೊಂಡ.

ದೊಡ್ಡ ಅಧಿಕಾರಿಗಳು ಬರುವ ಸಭೆಯ ದಿನವನ್ನೇ ಆರಿಸಿದ. ಜನರನ್ನು ಇಳಿಸಿ ಪೊಟ್ಟಣಗಳೊಂದಿಗೆ ಅವನು ಹೊರಟಾಗ ಮೇಡಂ ಸೇರಿ ಊರಿಗೆ ಊರೇ ಶಾಲೆಯಲ್ಲಿತ್ತು. ರಸ್ತೆ ಬದಿಯ ಪಾಳುಬಿದ್ದ ಕೋಳಿ ಶೆಡ್ಡಿನಲ್ಲಿ, ನಡು ಮಧ್ಯಾಹ್ನ, ಒಂದೊಂದೇ ಪೊಟ್ಟಣದ ಟೇಪು ಸೀಳಿ, ಸುರಿದು, ಒರೆಸಿ, ಅಷ್ಟೇ ತೂಕದ ಕ್ರಷರ್ ಪುಡಿ ತುಂಬಿ, ಹೊಸ ಟೇಪು ಹಚ್ಚಿದ. ಪೊಟ್ಟಣ ಅವಳದೇ, ಅಕ್ಷರವೂ ಅವಳದೇ. ಒಂದೆರಡನ್ನು ಹಾಗೇ ಬಿಡೋಣವೇ ಎಂದು ನಡುವೆ ಒಮ್ಮೆ ಅನ್ನಿಸಿತು. ಬಿಟ್ಟದ್ದರಲ್ಲೇ ಲೋಹ ಸಿಕ್ಕಿಬಿಟ್ಟರೆ? ಅರೆಬರೆ ಕೆಲಸ ಅವನ ಜಾಯಮಾನವಲ್ಲ. ಬೆನ್ನು ನೋಯುತ್ತಿದ್ದರೂ ಅರವತ್ತನ್ನೂ ಮುಗಿಸಿಯೇ ಎದ್ದ. ಗುಡ್ಡದ ಪುಡಿಯನ್ನು ರಸ್ತೆ ರಿಪೇರಿಯವರು ಅಗೆದ ಗುಂಡಿಗೆ ಸುರಿದು ಮಣ್ಣೆಳೆದ. ಲ್ಯಾಬಿನವನು ಎಣಿಸಿಕೊಂಡು ಸಹಿ ಹಾಕಿದ, ಮುಖ ಎತ್ತಿ ನೋಡಲೂ ಇಲ್ಲ.

ಮೂರು ವಾರಕ್ಕೆ ಸುದ್ದಿ ಬಂತು. ಗುಡ್ಡದಲ್ಲಿ ಏನೂ ಇಲ್ಲ. ಹೆಂಡತಿ ಟ್ರೇಗಳಿಗೆ ಮಣ್ಣು ತುಂಬತೊಡಗಿದಳು. ಬಾಮೈದ ಎರಡು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ. "ಎದ್ದು ಊಟ ಮಾಡು" ಎಂದರೆ "ಹಸಿವಿಲ್ಲ ಭಾವ" ಎಂದ. ಅವನನ್ನು ನೋಡಿ ಡ್ರೈವರಿಗೆ ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆದರೂ ಎರಡು ವರ್ಷದಲ್ಲಿ ಮೊದಲ ಸಲ ಮನೆ ನಿಶ್ಶಬ್ದವಾಗಿತ್ತು. ಭಾನುವಾರ ಮಧ್ಯಾಹ್ನ ಅವನು ಹಾಸಿಗೆಗೆ ಬಿದ್ದವನು ಸಂಜೆಯವರೆಗೆ ಮಗ್ಗುಲು ಬದಲಿಸಲಿಲ್ಲ.

ಸೋಮವಾರ ಬೆಳಗ್ಗೆ ಪಟ್ಟಣಕ್ಕೆ ಹೊರಟ ಮೇಡಂ ಎಂದಿನಂತೆ ಹಿಂದೆ ಕೂರದೆ ಮುಂದಿನ ಸೀಟಿಗೆ ಬಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಗಂಟುಮೂಟೆ ಕಟ್ಟಿದ್ರಾ ಮೇಡಂ?" ಎಂದು ಪಟ್ಟಣ ಹತ್ತಿರವಾದಾಗ ಅವನೇ ಕೇಳಿದ.

"ಕಟ್ಬೇಕಿತ್ತು. ನನ್ನ ಅಂದಾಜಿನಲ್ಲಿ ಆ ಗುಡ್ಡದಲ್ಲಿ ದೊಡ್ಡದೇನೂ ಇರ್ಲಿಲ್ಲ, ಹಿಂದಿನ ಕಂತಲ್ಲೂ ಏನೂ ಬಂದಿರ್ಲಿಲ್ಲ. ಈ ತಿಂಗಳೇ ಹೊರಡೋರು ನಾವು. ಈಗ ಮೇಲಿನವರು ಬಿಡ್ತಿಲ್ಲ. ಯಾರೋ ಮುಚ್ಚಿಡೋಕೆ ಇಷ್ಟು ಒದ್ದಾಡಿದ್ದಾರೆ ಅಂದ್ರೆ ಅಲ್ಲಿ ಏನೋ ಇದ್ದೇ ಇದೆ ಅಂತಿದ್ದಾರೆ. ದೊಡ್ಡ ಮಷೀನು ಬರ್ತಿದೆ, ಹಳ್ಳದ ದಂಡೆಯಿಂದಲೇ ಕೊರೀತಾರಂತೆ."

"ಮುಚ್ಚಿಡೋದಾ? ಹಾಗಂತ ಯಾರು ಹೇಳಿದ್ರು ಮೇಡಂ?"

"ಪ್ರತಿ ಇಪ್ಪತ್ತನೇ ಪೊಟ್ಟಣ ನಿಮ್ಮ ಗುಡ್ಡದ್ದಲ್ಲ" ಎಂದಳು ಮೇಡಂ, ಕೋಪವಿಲ್ಲದ ದಣಿದ ದನಿಯಲ್ಲಿ. "ಲ್ಯಾಬಿನವರು ಸರಿಯಾಗಿ ಪರೀಕ್ಷೆ ಮಾಡ್ತಾರೋ ಇಲ್ವೋ ನೋಡೋಕೆ, ಎಷ್ಟು ಲೋಹ ಇದೆ ಅಂತ ಮೊದಲೇ ಗೊತ್ತಿರೋ ಪುಡಿನ ಹೊರಗಿಂದ ತರಿಸಿ ನಾನೇ ಸೇರಿಸ್ತೀನಿ. ಇಪ್ಪತ್ತು, ನಲವತ್ತು, ಅರವತ್ತು. ಅವು ಮೂರರಲ್ಲೂ ಏನೂ ಇಲ್ಲ ಅಂತ ಬಂದಿದೆ. ನನ್ನ ಕೈಗೂ ಲ್ಯಾಬಿಗೂ ನಡುವೆ ಇದ್ದೋರು ನೀವೊಬ್ರೇ." ಮುಂದೆ ರಸ್ತೆ ಕವಲೊಡೆಯುತ್ತಿತ್ತು. ಲ್ಯಾಬಿಗೆ ಬಲಕ್ಕೆ ಹೋಗಬೇಕು. "ಎಡಕ್ಕೆ ತಗೊಳ್ಳಿ, ಪೊಲೀಸ್ ಸ್ಟೇಷನ್ನಲ್ಲಿ ಕಾಯ್ತಿದ್ದಾರೆ" ಎಂದಳು. ಅವನು ಕನ್ನಡಿ ನೋಡಿ, ಎಡಕ್ಕೆ ಇಂಡಿಕೇಟರ್ ಹಾಕಿ, ಗೇರು ಇಳಿಸಿದ.