ಒಳಗೆ ಯಾರೂ ಇಲ್ಲ

ಹೊಸಬನನ್ನು ಕೊಜುಯೆ ಮೊದಲ ದಿನವೇ ಬೈದಳು.

"ರೀ, ನಿಲ್ಲಿ! ನಿಮ್ಮ ಬಿಲ್ಲೆ ಎಲ್ಲಿ?"

"ಯಾವ ಬಿಲ್ಲೆ?"

"ಯಾವ ಬಿಲ್ಲೆ ಅಂತೆ! ಸಾಯೋ ಆಸೆ ಇದ್ರೆ ಬೇರೆ ಕಡೆ ಹೋಗಿ. ನಮ್ಮ ಮರಗಳ ಹೆಸರು ಕೆಡಿಸಬೇಡಿ."

ಜಪಾನಿನ ಇಬರಾಕಿಯ ಗುಡ್ಡಗಳ ನಡುವೆ ತಟ್ಟೆಯ ಹಾಗೆ ದುಂಡಗಿದ್ದ ತೋಟ ಅದು. ನಟ್ಟನಡುವೆ ಒಂದು ಕಬ್ಬಿಣದ ಗೋಪುರ, ಅದರೊಳಗೆ ಕೋಬಾಲ್ಟ್. ದಿನದ ಬಹುಪಾಲು ಅದು ಸುತ್ತಲಿನ ಗಿಡಮರಗಳ ಮೇಲೆ ಕಣ್ಣಿಗೆ ಕಾಣದ ವಿಕಿರಣ ಸುರಿಸುತ್ತಿತ್ತು. ಸಾವಿರದಲ್ಲಿ ಒಂದಾದರೂ ಹುಟ್ಟುಗುಣ ಬಿಟ್ಟು ಒಳ್ಳೆಯ ಹೊಸ ಗುಣ ತೋರೀತು ಎಂಬ ಆಸೆ. ಮಧ್ಯಾಹ್ನ ಮಾತ್ರ ಕೋಬಾಲ್ಟನ್ನು ನೆಲದೊಳಕ್ಕೆ ಇಳಿಸಿ ಮುಚ್ಚುತ್ತಿದ್ದರು, ಆಗ ಮನುಷ್ಯರು ಒಳಗೆ ಹೋಗಬಹುದಿತ್ತು. ಹೋಗುವವರು ಗೇಟಿನ ಹಲಗೆಯಿಂದ ತಮ್ಮ ಹೆಸರಿನ ಮರದ ಬಿಲ್ಲೆ ತೆಗೆದು ಜೇಬಿಗಿಟ್ಟುಕೊಳ್ಳಬೇಕು. ಹೊರಗೆ ಬಂದ ಮೇಲೆ ಅದನ್ನು ಮತ್ತೆ ಅದರ ಮೊಳೆಗೆ ತೂಗುಹಾಕಬೇಕು. ಎಲ್ಲರಿಗಿಂತ ಕೊನೆಗೆ ಬಂದವರು ಗೇಟಿನಲ್ಲಿ ನಿಂತು "ಒಳಗೆ ಯಾರೂ ಇಲ್ಲ!" ಎಂದು ಕೂಗಬೇಕು. ಒಂದೇ ಒಂದು ಮೊಳೆ ಬರಿದಾಗಿದ್ದರೂ ಗೇಟು ಕಾಯುವ ನುಮಾಜಿರಿ ಮಾಮ ಕೋಬಾಲ್ಟನ್ನು ಮೇಲೇರಿಸುತ್ತಿರಲಿಲ್ಲ.

ಹೊಸಬ ಯೋಹೆ ಪೆಚ್ಚುನಗೆ ನಕ್ಕು ವಾಪಸು ಹೋಗಿ ಬಿಲ್ಲೆ ತಂದ. ತೊತ್ತೊರಿಯ ಮರಸೇಬು ತೋಟದವರ ಒಬ್ಬನೇ ಮಗ, ಎರಡು ವರ್ಷದ ತರಬೇತಿಗೆ ಬಂದವನು. ಸಂಜೆ ನೋಡಿದರೆ ಅವನ ಬಿಲ್ಲೆ ಕೊಜುಯೆಯ ಬಿಲ್ಲೆಯ ಪಕ್ಕದ ಮೊಳೆಗೆ ಬಂದು ಕೂತಿತ್ತು.

"ಇದು ನಿಮ್ಮ ಮೊಳೆ ಅಲ್ಲ."

"ಗೊತ್ತು. ಅಲ್ಲಿ ಗಾಳಿ ಜಾಸ್ತಿ, ಬಿಲ್ಲೆಗೆ ಶೀತ ಆಗುತ್ತೆ."

ಅವಳು ನಗಬಾರದೆಂದುಕೊಂಡಳು. ತುಟಿ ಮಾತು ಕೇಳಲಿಲ್ಲ.

ಇಬ್ಬರೂ ಮರಸೇಬಿನ ಸಾಲುಗಳಲ್ಲೇ ಕೆಲಸ ಮಾಡುತ್ತಿದ್ದರು. ಮರಮರದ ಎಲೆಗಳನ್ನು ತಿರುಗಿಸಿ ಕಪ್ಪುಚುಕ್ಕೆ ರೋಗ ತಗುಲದ ಕೊಂಬೆ ಹುಡುಕುವುದೇ ಕೆಲಸ. ಯೋಹೆಯ ಊರಿನಲ್ಲಿ ಆ ರೋಗದ ಮೇಲಿನ ಸಿಟ್ಟಿಗೆ ಜನ ಬೇಸಿಗೆಯಿಡೀ ಔಷಧಿ ಹೊಡೆಯುತ್ತಿದ್ದರು, ಒಂದೊಂದು ಕಾಯಿಗೂ ಎರಡೆರಡು ಸಲ ಕಾಗದದ ಚೀಲ ಕಟ್ಟುತ್ತಿದ್ದರು.

"ನಮ್ಮಮ್ಮನ ಬೆರಳು ನೋಡಬೇಕು ನೀವು," ಎಂದ ಒಮ್ಮೆ. "ಚೀಲ ಕಟ್ಟಿ ಕಟ್ಟಿ ಗಿಣಿಯ ಕೊಕ್ಕಿನ ಹಾಗೆ ಬಾಗಿಬಿಟ್ಟಿವೆ."

ಅಮ್ಮನ ಮಾತು ಬಂದಾಗ ಅವನ ದನಿ ಚಿಕ್ಕ ಹುಡುಗನದಾಗುತ್ತಿತ್ತು. ಕೊಜುಯೆಗೆ ಅದೂ ಮುದ್ದಾಗಿಯೇ ಕಂಡಿತು. ಪ್ರೀತಿ ಬಂದಾಗ ಯಾವುದು ಮುದ್ದು, ಯಾವುದು ಅಪಾಯ ಎಂದು ಯಾರಿಗೆ ತಿಳಿಯುತ್ತದೆ?

ಮರುವರ್ಷದ ಬೇಸಿಗೆಯಲ್ಲಿ ಆ ಕೊಂಬೆ ಸಿಕ್ಕಿತು. ಮರವೆಲ್ಲ ಕಪ್ಪುಚುಕ್ಕೆ ಬಿದ್ದು ಬಾಡಿತ್ತು. ಒಂದು ಕೊಂಬೆ ಮಾತ್ರ ಏನೂ ಆಗದವರ ಹಾಗೆ ಹಸಿರಾಗಿತ್ತು. ಇಬ್ಬರೂ ಎರಡು ಬದಿಯಿಂದ ಅದಕ್ಕೆ ಕೈಚಾಚಿದರು. ಎಲೆಯ ಬದಲು ಬೆರಳು ಬೆರಳಿಗೆ ತಗುಲಿತು. ಅವನು ಬಿಡಲಿಲ್ಲ, ಅವಳೂ ಎಳೆದುಕೊಳ್ಳಲಿಲ್ಲ.

"ಕೊಜುಯೆ ಅಂದ್ರೆ ಕೊಂಬೆಯ ತುದಿ ಅಲ್ವಾ?" ಎಂದ ಮೆಲ್ಲಗೆ. "ಹುಡುಕ್ತಾ ಇದ್ದದ್ದು ಸಿಕ್ಕಿತು."

"ಮರದ ಮಾತೋ, ನನ್ನ ಮಾತೋ?"

"ಮರಕ್ಕೆ ಇಷ್ಟು ಕೋಪ ಇರಲ್ಲ."

ಆ ದಿನ ಎಲ್ಲರಿಗಿಂತ ಕೊನೆಗೆ ಹೊರಬಿದ್ದವರು ಅವರೇ. ಅವಳು ಗೇಟಿನಲ್ಲಿ ನಿಂತು "ಒಳಗೆ ಯಾರೂ ಇಲ್ಲ!" ಎಂದು ಕೂಗಿದಳು. ಯೋಹೆ ತನ್ನ ಎದೆ ತಟ್ಟಿಕೊಂಡು, "ಸುಳ್ಳು. ಇಲ್ಲೊಬ್ಬರು ಇದ್ದಾರೆ," ಎಂದ. ನುಮಾಜಿರಿ ಮಾಮ ಪತ್ರಿಕೆಯ ಹಿಂದೆ ಮುಖ ಮುಚ್ಚಿಕೊಂಡು ಕೆಮ್ಮಿದರು.

ತರಬೇತಿ ಮುಗಿಸಿ ಅವನು ಊರಿಗೆ ಹೋದ. ಸೆಪ್ಟೆಂಬರಿನಲ್ಲಿ ಫೋನು ಬಂತು: ಅಮ್ಮ ನಿನ್ನನ್ನು ನೋಡಬೇಕಂತೆ, ಬಾ. ಆಮೇಲೆ ಅವನು ತಡವರಿಸಿದ.

"ಒಂದು ಮಾತು. ನೀನು ಮಿತೊ ಪಟ್ಟಣದ ಆಫೀಸಿನಲ್ಲಿ ಟೈಪಿಂಗ್ ಮಾಡ್ತೀಯಾ ಅಂತ ಹೇಳಿದೀನಿ."

"ಯಾಕೆ?"

"ವಿಕಿರಣ ಅಂದ್ರೆ ನಮ್ಮ ಕಡೆಯವರಿಗೆ... ನಿಂಗೇ ಗೊತ್ತಲ್ಲ. ಹಿರೋಶಿಮಾದ ಹುಡುಗೀರಿಗೆ ಸಂಬಂಧ ಮುರಿದು ಬಿದ್ದದ್ದನ್ನ ಅಮ್ಮ ಕಣ್ಣಾರೆ ಕಂಡವಳು. ಮದುವೆ ಆಗಲಿ, ಆಮೇಲೆ ನಿಧಾನಕ್ಕೆ ಹೇಳೋಣ."

"ಕೋಬಾಲ್ಟ್ ಮೇಲಿದ್ದಾಗ ನಾನು ಒಂದು ಕ್ಷಣವೂ ಒಳಗೆ ಕಾಲಿಟ್ಟವಳಲ್ಲ. ನೀವೂ ಅದೇ ಮಣ್ಣಲ್ಲಿ ಓಡಾಡಿದವರು."

"ನಾನು ಗಂಡಸು ಕೊಜುಯೆ. ನನ್ನ ಯಾರು ಕೇಳ್ತಾರೆ?"

ಫೋನು ಕುಕ್ಕಬೇಕಿತ್ತು. ಕುಕ್ಕಲಿಲ್ಲ. "ಹೂಂ" ಎಂದಳು. ಆ ಒಂದು "ಹೂಂ" ಅವಳನ್ನು ಬಹಳ ಕಾಲ ಸುಟ್ಟಿತು.

ಹೊರಡುವ ಶನಿವಾರ ಅವಳ ಕಾಲು ನೆಲದ ಮೇಲಿರಲಿಲ್ಲ. ತೋಟದಿಂದ ಓಡಿ ಬಂದು, ಅಂಗಿ ಬದಲಿಸಿ, ಜೇಬಿನಲ್ಲಿದ್ದುದನ್ನೆಲ್ಲ ಕೈಚೀಲಕ್ಕೆ ಸುರಿದು ರೈಲು ಹಿಡಿದಳು.

ಯೋಹೆಯ ಅಮ್ಮ ಬಾಗಿ ನಮಸ್ಕರಿಸಿದ ರೀತಿ, ಮಾತಾಡಿದ ರೀತಿ, ಎಲ್ಲ ಚೆಂದವೇ. ಚಾಪೆಯ ಮೇಲೆ ಕೂರಿಸಿ ಚಹಾ ಕೊಟ್ಟರು. ಯೋಹೆ ಮರಸೇಬಿನ ಸಿಪ್ಪೆಯನ್ನು ಕಡಿಯದೆ ಉದ್ದಕ್ಕೆ ಸುಲಿಯುತ್ತ, ಅಮ್ಮನಿಗೆ ಕಾಣದ ಹಾಗೆ ಅವಳತ್ತ ಕಣ್ಣು ಹೊಡೆದ.

"ಟೈಪಿಂಗ್ ಮಾಡೋ ಕೈ ಅಂದ್ರೆ ಇಷ್ಟು ಒರಟು ಇರುತ್ತಾ?" ಎಂದರು ಅಮ್ಮ, ನಗುತ್ತಲೇ.

ಕೊಜುಯೆ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ನುಮಾಜಿರಿ ಮಾಮನಿಗೆ ಕಿವಿ ಮಂದ, ಗಂಟಲು ಮಾತ್ರ ಊರಗಲ. ಅಮ್ಮ ಕಿವಿಗಿಟ್ಟ ಫೋನಿನಿಂದ ಕೋಣೆಗೆಲ್ಲ ಕೇಳಿಸಿತು.

"ಕೋಬಾಲ್ಟ್ ತೋಟದಿಂದ ಮಾತಾಡ್ತಿರೋದು! ನಮ್ಮ ಕೊಜುಯೆ ಅಲ್ಲಿಗೆ ಬಂದಿದಾಳಾ? ಬಿಲ್ಲೆ ಇಲ್ಲಮ್ಮ ಅವಳದು, ಮೊಳೆ ಖಾಲಿ! ನಿನ್ನೆಯಿಂದ ಒಂದೊಂದು ಸಾಲೂ ಹುಡುಕಿದೀವಿ. ರೈಲು ಹತ್ತಿರಬೇಕು ಅಂತಾರೆ, ಅವಳ ಬಾಯಿಂದ ಕೇಳದೆ ನಾನು ಮೇಲೇರಿಸಲ್ಲ. ಏಳು ವರ್ಷದಿಂದ ಮಗಳ ಹಾಗೆ ನೋಡಿದೀನಿ!"

ಅಮ್ಮ ಫೋನನ್ನು ಅವಳತ್ತ ಚಾಚಿದರು. ಕೊಜುಯೆ ಕೈಚೀಲ ತಡಕಿದಳು. ಬೀಗದ ಕೈಗಳ ನಡುವೆ ಬಿಲ್ಲೆ ಸಿಕ್ಕಿತು.

"ಇದ್ದೀನಿ ಮಾಮ. ನಾನು ಹೊರಗಿದ್ದೀನಿ."

"ಅಯ್ಯೋ ಪುಣ್ಯಾತ್ಗಿತ್ತಿ, ಜೀವ ಹೋಗಿತ್ತಲ್ಲೇ!" ಎಂದು ಆ ಮುದುಕ ಬೈದು ಅತ್ತುಬಿಟ್ಟರು.

ಅವಳು ಬಂದು ಕೂತಾಗ ಚಹಾ ತಣ್ಣಗಾಗಿತ್ತು.

"ನೀವು ಒಳ್ಳೆ ಹುಡುಗಿ," ಎಂದರು ಅಮ್ಮ ಅದೇ ಮೆತ್ತನೆಯ ದನಿಯಲ್ಲಿ. "ಆದ್ರೆ ನಮಗಿರೋನು ಒಬ್ಬನೇ ಮಗ. ನಾಳೆ ಹುಟ್ಟೋ ಮಗು ಹೇಗಿರುತ್ತೋ ಅಂತ ನಾನು ದಿನಾ ಹೆದರಿಕೊಂಡು ಕೂರಕ್ಕಾಗಲ್ಲ."

"ಅಮ್ಮ, ನಿಮ್ಮೂರಿನವರೆಲ್ಲ ಕಾಯ್ತಿರೋ ಆ ಕೊಂಬೆ ವಿಕಿರಣದಲ್ಲೇ ಬೆಳೆದದ್ದು. ನಾನು ಅದರಲ್ಲಿ ನಿಂತೇ ಇಲ್ಲ. ಅದನ್ನ ತೋಟಕ್ಕೆ ಕರ್ಕೊತೀರಿ, ನನ್ನ ಬೇಡ ಅಂತೀರಿ."

"ಮರಕ್ಕೇನಮ್ಮ. ಸರಿ ಬರಲಿಲ್ಲ ಅಂದ್ರೆ ಕಡಿದು ಹಾಕಬಹುದು."

ಕೊಜುಯೆ ಯೋಹೆಯತ್ತ ನೋಡಿದಳು. ಒಂದು ಮಾತು ಸಾಕಿತ್ತು. "ನಾನೂ ಅಲ್ಲೇ ಇದ್ದೆ" ಎಂದಿದ್ದರೂ ಸಾಕಿತ್ತು. ಅವನು ತಲೆ ಎತ್ತದೆ ಸಿಪ್ಪೆ ಸುಲಿಯುತ್ತಲೇ ಇದ್ದ. ಸಿಪ್ಪೆ ಕಡಿಯದ ಹಾಗೆ ಎಷ್ಟು ಎಚ್ಚರ ಅವನಿಗೆ!

ಸ್ಟೇಷನ್ನಿಗೆ ಮಾತ್ರ ಬಂದ. ಕಣ್ಣು ಕೆಂಪಾಗಿತ್ತು, ಅಳು ಸುಳ್ಳಲ್ಲ.

"ಸ್ವಲ್ಪ ದಿನ ಕಾಯಿ. ಅಮ್ಮ ಕರಗ್ತಾಳೆ."

"ನಿಮ್ಮಮ್ಮನ ಮೇಲೆ ನಂಗೆ ಕೋಪ ಇಲ್ಲ. ಅವರು ಅಂದುಕೊಂಡದ್ದನ್ನ ಬಾಯಿಬಿಟ್ಟು ಹೇಳಿದ್ರು. ನೀವು ಏನು ಹೇಳಿದ್ರಿ?"

ಅವನು ಹಳಿಗಳನ್ನು ನೋಡಿದ. ರೈಲಿನ ಬಾಗಿಲು ಮುಚ್ಚುವ ಹೊತ್ತಿಗೆ, ಹೇಳಲೋ ಬೇಡವೋ ಎಂಬಂತೆ ಕೇಳಿದ:

"ಚಳಿಗಾಲಕ್ಕೆ ಆ ಕೊಂಬೆಯ ಕಸಿಕಡ್ಡಿ... ನಮ್ಮೂರಿಗೆ ಬರುತ್ತಲ್ವಾ? ಅಮ್ಮ ಕೇಳು ಅಂದಳು."

ಕೊಜುಯೆಗೆ ನಗು ಬಂತು. ಆ ನಗು ನಿಲ್ಲಲು ರೈಲು ಬಹಳ ದೂರ ಹೋಗಬೇಕಾಯಿತು. ನಿಂತ ಮೇಲೆ ಅತ್ತಳು.

ಸೋಮವಾರ ಮಧ್ಯಾಹ್ನ ನುಮಾಜಿರಿ ಮಾಮ ಅವಳ ಮುಖ ನೋಡಿ ಗೇಟು ತೆರೆದರು. ಅವಳು ಆ ಮರದ ಹತ್ತಿರ ಹೋದಳು. ಕೊಂಬೆ ಹಾಗೇ ಹಸಿರಾಗಿತ್ತು. ಕೈಯಲ್ಲಿ ಕತ್ತರಿ ಇತ್ತು. ಒಂದು ಸಲ ಬುಡಕ್ಕೆ ಇಟ್ಟೂ ನೋಡಿದಳು. ಚೀಲ ಕಟ್ಟಿ ಬಾಗಿದ ಹತ್ತು ಬೆರಳು ನೆನಪಾದವು. ಕತ್ತರಿ ತೆಗೆದು, ಹಸುರು ಕೊಂಬೆಗೆ ತಾಗುತ್ತಿದ್ದ ಪಕ್ಕದ ರೋಗದ ರೆಂಬೆಯನ್ನು ಕಡಿದಳು. ಕಡ್ಡಿ ತೊತ್ತೊರಿಗೆ ಹೋಗಲಿ. ಬೇರೆ ಯಾರೋ ಕಟ್ಟು ಕಟ್ಟಿ ಕಳಿಸಲಿ.

ಎಲ್ಲರಿಗಿಂತ ಕೊನೆಗೆ ಹೊರಬಂದವಳು ಅವಳೇ. ಬಿಲ್ಲೆಯನ್ನು ಮೊಳೆಗೆ ಹಾಕಿದಳು. ಪಕ್ಕದ ಮೊಳೆ ಬರಿದಾಗಿತ್ತು. ಅದು ಯಾರದೂ ಅಲ್ಲದ ಮೊಳೆ, ಅದಕ್ಕಾಗಿ ಯಾರೂ ಕಾಯಬೇಕಾಗಿರಲಿಲ್ಲ.

ಮಾಮ ಕೋಬಾಲ್ಟ್ ಏರಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಅವಳ ದನಿಗಾಗಿ ನಿಂತಿದ್ದರು.

ಕೊಜುಯೆ ಗೇಟಿನಲ್ಲಿ ನಿಂತು ಕೂಗಿದಳು.

"ಒಳಗೆ ಯಾರೂ ಇಲ್ಲ!"