ಅರ್ಧಕ್ಕೆ ನಿಂತ ಗೆರೆ

ಹೇಳಿಬಿಡಲೇ? ಬೇಡವೇ?

ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಯೋಚಿಸುತ್ತಿದ್ದೆ. ತೆಗೆದರೆ ಉತ್ತರ ಕೊಡಬೇಕು.

"ಏನಯ್ಯಾ, ನಿದ್ದೆ ಬಂತಾ?"

ಯಜಮಾನರ ದನಿ. ಅವರ ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್. ಅದರ ಮೊನೆ ನಮ್ಮ ಕಂಪನಿಯ ಇಂಜಿನಿಯರನ ಬಲಗಣ್ಣಿನಿಂದ ಒಂದೇ ಬೆರಳು ದೂರ! ಅವನನ್ನು ಕುರ್ಚಿಗೆ ಕಟ್ಟಿದ್ದರು. ಕನ್ನಡಕ ನೆಲದ ಮೇಲೆ ಚೂರಾಗಿತ್ತು.

ಕೇಳಿ, ವಿಷಯ ಇಷ್ಟೇ. ನಮ್ಮ ಹಳೆಯ ಕಂಪ್ಯೂಟರ್ ಬೋರ್ಡಿನಲ್ಲಿ ಅರವತ್ತೆಂಟು ಚಿಪ್‌ಗಳಿದ್ದವು. ಎಲ್ಲವೂ ಅಂಗಡಿಯಲ್ಲಿ ಸಿಗುವಂಥವು. ಯಾರು ಬೇಕಾದರೂ ನಕಲು ಹೊಡೆಯಬಹುದಿತ್ತು. ಅಷ್ಟೂ ಕೆಲಸವನ್ನು ನುಂಗುವ ನಾಲ್ಕೇ ಚಿಪ್‌ಗಳನ್ನು ಯಜಮಾನರು ಮಾಡಿಸಿದರು. ಬೇರೆಲ್ಲೂ ಸಿಗದ, ನಮ್ಮದೇ ಚಿಪ್‌ಗಳು...

ಮೂರೇ ತಿಂಗಳು! ಪೇಟೆಗೆ ನಕಲಿ ಬಂತು.

ಆ ಚಿಪ್‌ಗಳ ನಕ್ಷೆ ಮಾರಿದವರನ್ನು ಹಿಡಿಯುವ ಕೆಲಸ ನನ್ನದು. ಯಜಮಾನರ ಅನುಮಾನ ಇಂಜಿನಿಯರನ ಮೇಲೆ. ಬೆಳಿಗ್ಗೆ ಗೋದಾಮಿನಿಂದ ನಕಲಿ ಬೋರ್ಡೊಂದನ್ನು ಎಗರಿಸಿ, ಮೂರು ತಾರಸಿ ಹಾರಿ, ಮೊಣಕೈ ತರಚಿಕೊಂಡು ತಂದಿದ್ದೆ. ಚಿಪ್‌ನ ಮುಚ್ಚಳ ಕಿತ್ತು ನೋಡಿದರೆ...

ಒಂದು ಗೆರೆ. ಅರ್ಧಕ್ಕೆ ನಿಂತ ಗೆರೆ.

ನಾವು ಮಾರುವ ಚಿಪ್‌ನಲ್ಲಿ ಅದಿಲ್ಲ. ಇದ್ದದ್ದು ಮೊದಲ ನಕ್ಷೆಯಲ್ಲಿ. ಬರೆದವಳು ನನ್ನ ಅಕ್ಕ, ಇದೇ ಕಂಪನಿಯ ನಕ್ಷೆಗಾರ್ತಿ. ತಪ್ಪು ಹಿಡಿದವನು ಇದೇ ಇಂಜಿನಿಯರ್. ಅಕ್ಕ ಬೇರೆ ಹಾಳೆಯಲ್ಲಿ ತಿದ್ದಿ ಬರೆದಳು. ಹಳೆಯದನ್ನು ಮನೆಗೆ ತಂದು, "ಈ ಗೆರೆ ನನ್ನ ಮಾನ ಕಳೀತು ಕಣೋ" ಎಂದು ತೋರಿಸಿ ನಕ್ಕಿದ್ದಳು. ಸುರುಳಿ ಸುತ್ತಿ ಬೀರುವಿನ ಮೇಲೆ ಇಟ್ಟವನು ನಾನೇ.

ತಲೆಯೆತ್ತಿದೆ.

"ಯಾರೂ ಮಾರಿಲ್ಲ, ಸರ್. ನಮ್ಮ ಚಿಪ್ಪನ್ನೇ ಕೊಂಡು, ಬಿಚ್ಚಿ, ಫೋಟೊ ಹೊಡ್ದಿದಾರೆ."

"ಏಳು, ನಾನು ನೋಡ್ತೀನಿ."

ಬಗ್ಗಿದರು. ಬಹಳ ಹೊತ್ತು ನೋಡಿದರು.

"ಈ ಗೆರೆ ಎಲ್ಲಿಗೂ ಹೋಗಲ್ವಲ್ಲಯ್ಯಾ?"

ಐರನ್ ಮತ್ತೆ ಇಂಜಿನಿಯರನ ಕಣ್ಣಿನ ಹತ್ತಿರ ಹೋಯಿತು.

"ಲೋ, ನಮ್ಮದ್ರಲ್ಲೂ ಇದೆಯೇನೋ ಇದು?"

ಇಲ್ಲ, ಅದು ಅಕ್ಕನ ಹಳೆಯ ನಕ್ಷೆಯದು ಎಂದರೆ ಸಾಕು... ಅವನು ಪಾರು. ಅಕ್ಕ ಮುಗಿದಳು.

ಇಂಜಿನಿಯರ್ ನನ್ನನ್ನೇ ನೋಡಿದ. ರೆಪ್ಪೆ ಮಿಟುಕಿಸಲಿಲ್ಲ.

"ಇದೆ, ಸರ್. ನಾನು ಗಮನಿಸದೆ ಬಿಟ್ಟ ತಪ್ಪು."

"ತಪ್ಪು ಮಾಡೋದಕ್ಕೇ ಸಂಬಳ ಕೊಡ್ತಿದೀನಾ ನಿಂಗೆ?"

ಯಜಮಾನರು ಐರನ್ನಿನ ಸ್ವಿಚ್ ಆರಿಸಿದರು. ಅದು ತಣ್ಣಗಾಗುವ ಮುಂಚೆ ಅವನ ಅಂಗೈಗೆ ಒತ್ತಿದರು.

ಮನೆಯಲ್ಲಿ ಅಕ್ಕ ನನ್ನ ಮೊಣಕೈಗೆ ಔಷಧ ಹಚ್ಚಿದಳು.

"ಸಿಕ್ಕಿದನೇನೋ ಕಳ್ಳ?"

"ಇಲ್ಲಕ್ಕಾ."

ಬೀರುವಿನ ಮೇಲೆ ಸುರುಳಿ ಇರಲಿಲ್ಲ. ಧೂಳಿನಲ್ಲಿ ಅದಿದ್ದ ಉದ್ದನೆಯ ಗುರುತು ಮಾತ್ರ ಇತ್ತು.

ಅದನ್ನು ನೋಡಿದೆನೆಂದು ನಾನು ಅವಳಿಗೆ ಎಂದೂ ಹೇಳಲಿಲ್ಲ.